ಮನೆಗೆ ಮರಳಿದ ಸುಂಕದವನು: ನೀತೀಕರಣ ಸಿದ್ಧಾಂತವೂ ದಿನನಿತ್ಯದ ಬದುಕೂ

ಪಾಪನಿವೇದನೆಯನ್ನು ಆಲಿಸುವ ಗುರುಗಳೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಮಾತೊಂದಿದೆ: "ಸ್ವಾಮಿ, ಈ ಪಾಪವನ್ನು ಹಿಂದೆಯೇ ಹೇಳಿದ್ದೇನೆ. ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಅನುಮಾನದಿಂದ ಮತ್ತೆ ಹೇಳುತ್ತಿದ್ದೇನೆ." ಈ ಮಾತಿನ ಹಿಂದೆ ಭಯವೊಂದು ಅಡಗಿದೆ. ದೇವರು ನಮ್ಮ ಪಾಪಪುಣ್ಯಗಳನ್ನು ತಕ್ಕಡಿಯಲ್ಲಿ ತೂಗುತ್ತಾರೆ, ತಟ್ಟೆ ಯಾವ ಕಡೆಗೆ ವಾಲುವುದೋ ತಿಳಿಯದು ಎಂಬ ಭಯವದು. ನೀತೀಕರಣ ಸಿದ್ಧಾಂತವನ್ನು ನಾವು ಪರೀಕ್ಷೆಗಾಗಿ ಕಲಿತು ಮರೆತಿದ್ದರೆ, ಇಂಥವರಿಗೆ ಹೇಳಲು ನಮ್ಮ ಬಳಿ ಸಮಾಧಾನದ ನಾಲ್ಕು ಮಾತುಗಳ ಹೊರತು ಬೇರೇನೂ ಉಳಿಯದು.

ಮೊದಲಿಗೆ ಪದದ ವಿಚಾರ. ಸಂತ ಪೌಲರು ಬಳಸುವ 'ದಿಕಾಯೊಸುನೆ' ಎಂಬ ಗ್ರೀಕ್ ಪದ ಮತ್ತು ಅದರ ಸಂಬಂಧಿ ಪದಗಳಿಗೆ ಕನ್ನಡ ಬೈಬಲ್ ಅನುವಾದಗಳು ಎರಡು ದಾರಿ ಹಿಡಿದಿವೆ. ಹಳೆಯ ಸತ್ಯವೇದದಲ್ಲಿ 'ನೀತಿವಂತರೆಂಬ ನಿರ್ಣಯ' ಎಂಬ ಪ್ರಯೋಗವಿದೆ. ಅದರಲ್ಲಿ ನ್ಯಾಯಪೀಠದ ತೀರ್ಪಿನ ದನಿ ಕೇಳಿಸುತ್ತದೆ. ಕಥೋಲಿಕ ಅನುವಾದ 'ಸತ್ಸಂಬಂಧ' ಎಂಬ ಪದವನ್ನು ಆರಿಸಿಕೊಂಡಿತು; ಅದರಲ್ಲಿ ಮುರಿದ ನಂಟು ಮತ್ತೆ ಕೂಡಿದ ದನಿಯಿದೆ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ತರವಲ್ಲ. ಮಾನವ ನ್ಯಾಯಾಧೀಶನ ತೀರ್ಪು ಅಪರಾಧಿಯ ಅಂತರಂಗವನ್ನು ಬದಲಿಸಲಾರದು. ಆದರೆ ಮಾತಿನಿಂದಲೇ ಬೆಳಕನ್ನು ಉಂಟುಮಾಡಿದ ದೇವರು ಒಬ್ಬನನ್ನು ನೀತಿವಂತನೆಂದು ಸಾರಿದಾಗ, ಆ ಮಾತೇ ಅವನನ್ನು ಹೊಸಬನನ್ನಾಗಿಸುತ್ತದೆ.

1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯು ತನ್ನ ಆರನೆಯ ಅಧಿವೇಶನದಲ್ಲಿ ಬೋಧಿಸಿದ್ದು ಇದನ್ನೇ: ನೀತೀಕರಣವು ಪಾಪಗಳ ಕ್ಷಮೆಯಷ್ಟೇ ಅಲ್ಲ, ಅಂತರಂಗದ ಪವಿತ್ರೀಕರಣವೂ ನವೀಕರಣವೂ ಹೌದು. ಅದೇ ಮಹಾಸಭೆ ಮತ್ತೊಂದು ಮಾತನ್ನೂ ಸ್ಪಷ್ಟಪಡಿಸಿತು: ನೀತೀಕರಣಕ್ಕೆ ಮುನ್ನ ನಮ್ಮಲ್ಲಿರುವ ಯಾವುದೂ, ವಿಶ್ವಾಸವಾಗಲಿ ಸತ್ಕ್ರಿಯೆಯಾಗಲಿ, ಆ ವರಪ್ರಸಾದವನ್ನು ಗಳಿಸಿಕೊಡಲಾರದು. ದೇವರತ್ತ ತಿರುಗುವ ನಮ್ಮ ಮೊದಲ ಹೆಜ್ಜೆಯನ್ನೂ ಅವರ ಅನುಗ್ರಹವೇ ಎತ್ತಿಸುತ್ತದೆ. ಆ ಅನುಗ್ರಹಕ್ಕೆ ನಾವು ಸ್ವತಂತ್ರವಾಗಿ ಓಗೊಡುತ್ತೇವೆ.

ಹಾಗಾದರೆ ಸತ್ಕ್ರಿಯೆಗಳ ಸ್ಥಾನವೇನು? ಪೌಲರೂ ಯಕೋಬರೂ ಪರಸ್ಪರ ವಿರೋಧಿಗಳೆಂದು ತೋರುವವರು ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುವುದನ್ನು ಗಮನಿಸಬೇಕು. ಪೌಲರು ಆಧಾರವಾಗಿಸಿಕೊಳ್ಳುವುದು ಆದಿಕಾಂಡದ 15ನೆಯ ಅಧ್ಯಾಯವನ್ನು. ಅಲ್ಲಿ ಅಬ್ರಹಾಮನು ದೇವರ ವಾಗ್ದಾನವನ್ನು ನಂಬುತ್ತಾನೆ. ಯಕೋಬರು ಆ ವಚನದ ಜೊತೆಗೆ 22ನೆಯ ಅಧ್ಯಾಯದ ಇಸಾಕನ ಬಲಿಯ ಪ್ರಸಂಗವನ್ನೂ ಸೇರಿಸುತ್ತಾರೆ. ಮೊದಲು ನಂಬಿದವನು ಬಳಿಕ ವಿಧೇಯನಾದನು. ಬೇರು ಮರಕ್ಕೆ ಜೀವ ಕೊಡುತ್ತದೆ. ಹಣ್ಣು ಆ ಜೀವಕ್ಕೆ ಸಾಕ್ಷಿಯಾಗುತ್ತದೆ. ಪ್ರೀತಿಯ ಮೂಲಕ ಕಾರ್ಯಮಾಡುವ ವಿಶ್ವಾಸವೆಂದು ಗಲಾತ್ಯರಿಗೆ ಬರೆದ ಪತ್ರ ಹೇಳುವುದು ಇದನ್ನೇ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಅಂಕಿತ ಹಾಕಿ, ಈ ಸಿದ್ಧಾಂತದ ಮೂಲಭೂತ ಸತ್ಯಗಳಲ್ಲಿ ತಮಗೆ ಒಮ್ಮತವಿದೆಯೆಂದು ಸಾರಿದವು. ವಿಶ್ವ ಮೆಥೊಡಿಸ್ಟ್ ಮಂಡಳಿ 2006ರಲ್ಲಿ ಅದರೊಂದಿಗೆ ಸೇರಿಕೊಂಡಿತು.

ಈಗ ಪಾಪನಿವೇದನೆಗೆ ಬಂದ ಆ ವ್ಯಕ್ತಿಯ ಕಡೆಗೆ ಮರಳೋಣ. ತಾನು ವರಪ್ರಸಾದದ ಸ್ಥಿತಿಯಲ್ಲಿದ್ದೇನೆಂದು ಯಾರೂ ವಿಶ್ವಾಸಸತ್ಯವನ್ನು ಅರಿಯುವಷ್ಟು ನಿಶ್ಚಯವಾಗಿ ಅರಿಯಲಾರರು ಎಂದು ಟ್ರೆಂಟ್ ಬೋಧಿಸಿತು. ಅಷ್ಟನ್ನೇ ನೆನಪಿಟ್ಟುಕೊಂಡ ಬೋಧಕನು ಜನರನ್ನು ಅಂಜಿಸಿಯಾನು. ಆದರೆ ದೇವರ ಕರುಣೆಯನ್ನಾಗಲಿ, ಕ್ರಿಸ್ತರ ಪುಣ್ಯಫಲವನ್ನಾಗಲಿ, ಸಂಸ್ಕಾರಗಳ ಶಕ್ತಿಯನ್ನಾಗಲಿ ಭಕ್ತರು ಶಂಕಿಸಕೂಡದೆಂದು ಅದೇ ಅಧ್ಯಾಯ ಹೇಳುತ್ತದೆ. ಸಂಶಯ ಹುಟ್ಟುವುದು ನಾವು ನಮ್ಮನ್ನೇ ನೋಡಿಕೊಂಡಾಗ. ಭರವಸೆ ಹುಟ್ಟುವುದು ಕ್ರಿಸ್ತರನ್ನು ನೋಡಿದಾಗ. "ನಿಮ್ಮ ಪಶ್ಚಾತ್ತಾಪ ಎಷ್ಟು ಆಳವಾಗಿತ್ತೆಂದು ಅಳೆಯಬೇಡಿ, ಕ್ಷಮಿಸಿದವರು ಯಾರೆಂದು ನೆನೆಯಿರಿ" ಎಂದು ನಾವು ಹೇಳಬೇಕು.

ಈ ಸಂಸ್ಕಾರದ ಕ್ರಮವೇ ನಮಗೆ ಪಾಠವಾಗಿದೆ. ಆದಿ ಶತಮಾನಗಳಲ್ಲಿ ಘೋರ ಪಾಪಗಳಿಗೆ ದೀರ್ಘ ಪ್ರಾಯಶ್ಚಿತ್ತ ಮುಗಿದ ಮೇಲಷ್ಟೇ ಸಂಧಾನ ದೊರೆಯುತ್ತಿತ್ತು. ಇಂದು ಪಶ್ಚಾತ್ತಾಪಪಟ್ಟವರಿಗೆ ಕ್ಷಮಾದಾನ ಮೊದಲು. ವಿಧಿಸಿದ ಪ್ರಾಯಶ್ಚಿತ್ತವನ್ನು ನೆರವೇರಿಸುವುದು ಅನಂತರ. ಭಕ್ತನು ಮಾಡುವ ಜಪವೂ ದಾನವೂ ಕ್ಷಮೆಯ ಬೆಲೆಯಲ್ಲ. ಕ್ಷಮಿಸಲ್ಪಟ್ಟವನು ಕಲಿಯುವ ಹೊಸ ನಡಿಗೆ.

ಇದು ಮನೆಯಲ್ಲಿಯೂ ಕಾಣಬೇಕು. ಹರಕೆ ಹೊತ್ತ ತಾಯಿಗೆ, ಅದು ದೇವರೊಡನೆ ಮಾಡಿಕೊಂಡ ವ್ಯಾಪಾರವಲ್ಲ, ಕೃತಜ್ಞತೆಯ ಭಾಷೆ ಎಂದು ತಿಳಿಹೇಳಬೇಕು. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ, ಯೋಗ್ಯತೆ ನೋಡದೆ ಕ್ಷಮೆ ಪಡೆದ ನಾವು ಇತರರ ಯೋಗ್ಯತೆಯನ್ನು ತೂಗುತ್ತ ಕೂರಲಾಗದು ಎಂದು ನೆನಪಿಸಬೇಕು. ಗುರುಗಳಾದ ನಮಗೂ ಈ ಮಾತು ಸಲ್ಲುತ್ತದೆ. ಕಟ್ಟಿಸಿದ ದೇವಾಲಯ, ನಡೆಸಿದ ಶಾಲೆ, ಪಡೆದ ಪದವಿಗಳಿಂದ ನಮ್ಮ ಬೆಲೆಯನ್ನು ಎಣಿಸಿಕೊಳ್ಳುವಾಗ, ಬಾಯಲ್ಲಿ ಅನುಗ್ರಹವನ್ನು ಬೋಧಿಸುತ್ತ ಬದುಕಿನಲ್ಲಿ ಪೆಲೇಜಿಯಸನ ಶಿಷ್ಯರಾಗುತ್ತೇವೆ. ಸೋಲು ಎದುರಾದ ದಿನ ಕುಸಿಯುತ್ತೇವೆ. ಗೆದ್ದ ದಿನ ಸಹೋದರ ಗುರುವನ್ನು ಕಡೆಗಣಿಸುತ್ತೇವೆ.

ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಫರಿಸಾಯನು ತನ್ನ ಉಪವಾಸವನ್ನೂ ದಶಮಾಂಶವನ್ನೂ ದೇವರ ಮುಂದೆ ಎಣಿಸಿದನು. ಅವನ ಎಣಿಕೆಯಲ್ಲಿ ತಪ್ಪಿತ್ತೆಂದು ಯೇಸು ಹೇಳಲಿಲ್ಲ. ಎಣಿಸಲು ಏನೂ ಇಲ್ಲದ ಸುಂಕದವನು ಕರುಣೆಯನ್ನಷ್ಟೇ ಬೇಡಿ, ದೇವರೊಡನೆ ಸತ್ಸಂಬಂಧ ಪಡೆದು ಮನೆಗೆ ಮರಳಿದನು. ದೇವಾಲಯದಲ್ಲಿ ದೊರೆತ ನೀತಿ ಅವನೊಡನೆ ಮನೆಯ ಹೊಸ್ತಿಲನ್ನು ದಾಟಿತು. ಮರುದಿನ ಸುಂಕದ ಕಟ್ಟೆಯಲ್ಲಿ ಅವನು ಹೇಗೆ ನಡೆದುಕೊಂಡನೆಂದು ಸಾಮತಿ ಹೇಳುವುದಿಲ್ಲ. ಆ ಮರುದಿನವನ್ನು ಬದುಕಿ ತೋರಿಸುವ ಹೊಣೆ ನಮ್ಮದು.