ಸುಟ್ಟಿದ್ದಲ್ಲ, ಬೆಳೆಸಿದ ಇಟ್ಟಿಗೆ!

ಗೋಡೆಗೆ ಬೂಷ್ಟು ಹಿಡಿದರೆ ನಾವೆಲ್ಲ ಬ್ರಷ್ ಹಿಡಿದು ಉಜ್ಜೋಕೆ ನಿಲ್ತೀವಿ. ಆದರೆ ಶಿಲೀಂಧ್ರವನ್ನೇ ಬೆಳೆಸಿ ಗೋಡೆ ಕಟ್ಟಿದವರೂ ಇದ್ದಾರೆ ಗೊತ್ತಾ?

2014ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಮೋಮಾ ಪಿಎಸ್ 1 ಕಲಾಕೇಂದ್ರದ ಅಂಗಳದಲ್ಲಿ ‘ಹೈ-ಫೈ’ ಎಂಬ ಗೋಪುರ ಎದ್ದಿತು. ಎತ್ತರ ಸುಮಾರು 40 ಅಡಿ, ಇಟ್ಟಿಗೆಗಳು ಸುಮಾರು 10,000. ವಾಸ್ತುಶಿಲ್ಪಿ ಡೇವಿಡ್ ಬೆಂಜಮಿನ್ ಅವರ ‘ದಿ ಲಿವಿಂಗ್’ ತಂಡದ ವಿನ್ಯಾಸ. ಇಟ್ಟಿಗೆಗಳನ್ನು ‘ಬೆಳೆಸಿದ್ದು’ ಇಕೋವೇಟಿವ್ ಎಂಬ ಕಂಪನಿ.

ವಿಧಾನ ನಮ್ಮ ಅಣಬೆ ಬೆಳೆಗಾರರಿಗೆ ತೀರಾ ಹೊಸದೇನಲ್ಲ. ಕೊಯ್ಲಾದ ಮೇಲೆ ಉಳಿಯುವ ಮೆಕ್ಕೆಜೋಳದ ದಂಟನ್ನು ಚೂರು ಮಾಡಿ, ಶುಚಿಗೊಳಿಸಿ, ಶಿಲೀಂಧ್ರದ ಬೀಜ ಬೆರೆಸಿ ಅಚ್ಚಿಗೆ ತುಂಬುತ್ತಾರೆ. ಮೈಸೀಲಿಯಂ ಅನ್ನುವ, ಬೇರಿನಂಥ ಬಿಳಿ ಎಳೆಗಳು ದಂಟನ್ನು ತಿನ್ನುತ್ತಾ ಹರಡಿ, ಚೂರುಗಳನ್ನೆಲ್ಲ ಅಂಟಿನ ಹಾಗೆ ಹಿಡಿದುಕೊಳ್ಳುತ್ತವೆ. ಸುಮಾರು ಐದು ದಿನದಲ್ಲಿ ಇಟ್ಟಿಗೆ ರೆಡಿ. ಆಮೇಲೆ ಬಿಸಿ ಮಾಡಿ ಒಣಗಿಸಿದರೆ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಹಾಗಾಗಿ ಗೋಡೆಯಿಂದ ಅಣಬೆ ಇಣುಕೀತು ಅನ್ನೋ ಭಯ ಬೇಡ!

ಹಾಗಂತ ಸಿಮೆಂಟ್ ಬಿಟ್ಟು ಇದರಲ್ಲೇ ಮೂರಂತಸ್ತಿನ ಮನೆ ಎಬ್ಬಿಸೋಕಾಗಲ್ಲ. ಭಾರ ಹೊರುವ ಶಕ್ತಿ ಕಾಂಕ್ರೀಟಿನ ನೂರರಲ್ಲೊಂದು ಪಾಲಷ್ಟೂ ಇಲ್ಲ. ನೀರನ್ನೂ ಹೀರಿಕೊಳ್ಳುತ್ತದೆ. ಆದರೆ ಬಲು ಹಗುರ. ಶಾಖ, ಸದ್ದು ಎರಡನ್ನೂ ತಡೆಯುತ್ತದೆ. ಅಂದರೆ ಇದರ ಪೈಪೋಟಿ ಕಾಂಕ್ರೀಟಿನ ಜೊತೆಗಲ್ಲ, ಥರ್ಮೋಕೋಲ್ ಜೊತೆಗೆ.

ಈ ಮಾತು ನನಗೆ ನಾಟಿದ್ದು ಕಳೆದ ವರ್ಷ ನಮ್ಮ ಫ್ಲ್ಯಾಟಿನ ಫಾಲ್ಸ್ ಸೀಲಿಂಗ್ ಕೀಳಿಸಿದಾಗ. ಮೇಲಿದ್ದ ಥರ್ಮೋಕೋಲ್ ಐದು ಮೂಟೆ ಆಯ್ತು. ಕಸದ ಆಟೋದವರು ‘ಇದು ಬೇಡ ಸಾರ್’ ಅಂದರು, ಗುಜರಿಯವರೂ ಮುಟ್ಟಲಿಲ್ಲ. ಎರಡು ತಿಂಗಳು ಬಾಲ್ಕನಿಯಲ್ಲೇ ಬಿದ್ದಿತ್ತು. ಗಾಳಿ ಬಂದಾಗಲೆಲ್ಲ ಬಿಳಿ ಕಾಳು ಪಕ್ಕದ ಮನೆಗೂ ಹಾರುತ್ತಿತ್ತು.

ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ. ಹೊಸ ಸಿಸ್ಟಮ್ ಕಟ್ಟುವ ಉತ್ಸಾಹ ಎಲ್ಲರಿಗೂ ಇರುತ್ತೆ. ಮುಂದೆ ಅದನ್ನು ತೆಗೆಯೋದು ಹೇಗೆ ಅಂತ ಯೋಚಿಸುವವರು ಕಮ್ಮಿ. ಹೈ-ಫೈ ತಂಡ ಅದನ್ನೂ ಮೊದಲೇ ಯೋಚಿಸಿತ್ತು. ಬೇಸಿಗೆ ಮುಗಿದ ಮೇಲೆ ಗೋಪುರ ಬಿಚ್ಚಿ ಇಟ್ಟಿಗೆಗಳನ್ನು ಗೊಬ್ಬರ ಮಾಡಿದರು. ಹೊಲದಿಂದ ಬಂದದ್ದು ಮತ್ತೆ ಮಣ್ಣಿಗೇ ಸೇರಿತು.

ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ, ಕಾಫಿ ಹೊಟ್ಟು ನಮ್ಮಲ್ಲಿ ಬೇಕಾದಷ್ಟಿದೆ. ಇಂಥ ಪ್ಯಾನೆಲ್ ನಮ್ಮೂರ ಅಂಗಡಿಯಲ್ಲಿ ಸಿಗುವ ತನಕ ಒಂದು ಕೆಲಸ ಮಾಡಬಹುದು. ಇಂಟೀರಿಯರ್‌ನವರು ಸ್ಯಾಂಪಲ್ ತೋರಿಸಿದಾಗ ರೇಟ್ ಜೊತೆಗೆ ಇದನ್ನೂ ಕೇಳಿ: ‘ಹತ್ತು ವರ್ಷ ಬಿಟ್ಟು ಇದನ್ನು ಕಿತ್ತರೆ ಎಲ್ಲಿಗೆ ಹೋಗುತ್ತೆ?’