ಮನೆಯ ದತ್ತಾಂಶ ಕಣಜ: ಡಿಸ್ಕುಗಳ ಜೋಡಣೆ ಹೇಗೆ?

ಪ್ರಯೋಗಗಳ ವಿಡಿಯೊ, ವಾರ್ಷಿಕೋತ್ಸವದ ಚಿತ್ರಗಳು, ವರ್ಷಗಟ್ಟಲೆ ಸಿದ್ಧಪಡಿಸಿದ ಪಾಠ ಟಿಪ್ಪಣಿಗಳು ಇಂದು ಕಡತಗಳ ರೂಪದಲ್ಲಿರುತ್ತವೆ. ಇವನ್ನು ಒಂದೆಡೆ ಕೂಡಿಟ್ಟು ಮನೆಯ ಎಲ್ಲ ಗಣಕ, ಮೊಬೈಲುಗಳಿಗೂ ಒದಗಿಸುವ ಯಂತ್ರವೇ ಸಂಗ್ರಹ ಸರ್ವರ್. ಹಳೆಯ ಗಣಕಕ್ಕೆ ಕೆಲವು ಹಾರ್ಡ್ ಡಿಸ್ಕುಗಳನ್ನು ಸೇರಿಸಿ ನೀವೇ ಇದನ್ನು ಕಟ್ಟಬಹುದು. ಅದಕ್ಕೆ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಡಿಸ್ಕುಗಳನ್ನು ಜೋಡಿಸುವ ಕ್ರಮ ಯಾವುದು? ತಂತ್ರಾಂಶ ಯಾವುದು?

ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಬಾರಿ ಸುತ್ತುತ್ತವೆ. ಹೀಗೆ ಚಲಿಸುವ ಭಾಗಗಳುಳ್ಳ ಯಂತ್ರ ಒಂದಲ್ಲ ಒಂದು ದಿನ ಕೆಡುವುದು ಖಚಿತ. ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಒಗ್ಗೂಡಿಸುವ ವಿಧಾನಗಳಿಗೆ 'ರೇಡ್' ಎಂದು ಹೆಸರು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಇವನ್ನು ವರ್ಗೀಕರಿಸಿದರು.

ಅತಿ ಸರಳವಾದುದು ಪ್ರತಿಬಿಂಬ ವಿಧಾನ. ಎರಡು ಡಿಸ್ಕುಗಳಲ್ಲಿ ಒಂದೇ ದತ್ತಾಂಶ ಇರುತ್ತದೆ. ಆದ್ದರಿಂದ ಅರ್ಧ ಜಾಗ ಮಾತ್ರ ಬಳಕೆಗೆ ಸಿಗುತ್ತದೆ. ಜಾಗ ಉಳಿಸಲು 'ಪ್ಯಾರಿಟಿ' ನೆರವಾಗುತ್ತದೆ. ಮೊದಲ ಡಿಸ್ಕಿನಲ್ಲಿ 1011, ಎರಡನೆಯದರಲ್ಲಿ 0110 ಇದೆ ಎನ್ನಿ. ಪ್ರತಿ ಸ್ಥಾನದಲ್ಲೂ ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಬರೆಯಿರಿ. 1101 ಬರುತ್ತದೆ. ಇದನ್ನು ಮೂರನೆಯ ಡಿಸ್ಕಿನಲ್ಲಿಡಿ. ಈಗ ಎರಡನೆಯ ಡಿಸ್ಕು ಕೆಟ್ಟಿತು. ಉಳಿದ 1011 ಮತ್ತು 1101ಕ್ಕೆ ಅದೇ ನಿಯಮ ಅನ್ವಯಿಸಿ ನೋಡಿ: 0110 ಮರಳಿ ದೊರೆಯುತ್ತದೆ! ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಮಾಡಿಸಬಹುದಾದ ಚಟುವಟಿಕೆ ಇದು.

ನಿಮ್ಮಲ್ಲಿ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆ ಎಂದುಕೊಳ್ಳಿ. ಒಂಟಿ ಪ್ಯಾರಿಟಿಯ ರೇಡ್-5ರಲ್ಲಿ 12 ಟೆರಾಬೈಟ್ ಬಳಕೆಗೆ ಸಿಗುತ್ತದೆ. ಒಂದು ಡಿಸ್ಕಿನ ನಷ್ಟವನ್ನು ತಡೆಯಬಹುದು. ಜೋಡಿ ಪ್ಯಾರಿಟಿಯ ರೇಡ್-6ರಲ್ಲಿ 8 ಟೆರಾಬೈಟ್; ಯಾವ ಎರಡು ಕೆಟ್ಟರೂ ಚಿಂತೆಯಿಲ್ಲ. ಎರಡು ಪ್ರತಿಬಿಂಬ ಜೋಡಿಗಳಲ್ಲೂ 8 ಟೆರಾಬೈಟೇ. ಆದರೆ ಒಂದೇ ಜೋಡಿಯ ಎರಡೂ ಕೆಟ್ಟರೆ ದತ್ತಾಂಶ ಹೋಯಿತು.

ಎರಡನೆಯ ಡಿಸ್ಕು ಕೆಡುವ ಯೋಚನೆ ಏಕೆ? ಲೆಕ್ಕ ಹಾಕಿ. ಹೊಸ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬಿದರೂ 4 ಟೆರಾಬೈಟಿಗೆ ಸುಮಾರು ಏಳೂವರೆ ಗಂಟೆ ಬೇಕು. ಆ ಅವಧಿಯಲ್ಲಿ ಉಳಿದ ಡಿಸ್ಕುಗಳು ಬಿಡುವಿಲ್ಲದೆ ದುಡಿಯುತ್ತವೆ. ಅವೂ ಒಂದೇ ದಿನ ಕೊಂಡ ಡಿಸ್ಕುಗಳಾದರೆ ಸವೆತವೂ ಒಂದೇ ಬಗೆಯದು.

ಇನ್ನೊಂದು ತೊಂದರೆ ಮೌನವಾಗಿ ಬರುತ್ತದೆ. ಡಿಸ್ಕು ಚೆನ್ನಾಗಿಯೇ ಇದ್ದು, ಅದರಲ್ಲಿನ ಒಂದು ಬಿಟ್ ಮಾತ್ರ ಬದಲಾಗಬಹುದು. ಪ್ರತಿಬಿಂಬದ ಎರಡು ಪ್ರತಿಗಳು ಹೊಂದದಿದ್ದಾಗ ಸರಿಯಾದುದು ಯಾವುದು? 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ ಪ್ರತಿ ಖಂಡಕ್ಕೂ ಒಂದು ತಾಳೆ ಸಂಖ್ಯೆಯನ್ನು ಬೇರೆಡೆ ಬರೆದಿಡುತ್ತದೆ. ತಾಳೆಯಾಗದ ಪ್ರತಿಯನ್ನು ಗುರುತಿಸಿ, ಸರಿಯಾದುದರಿಂದ ತಿದ್ದುತ್ತದೆ.

ತಂತ್ರಾಂಶದ ಆಯ್ಕೆ ಈಗ ಸುಲಭ. ಜೆಡ್‌ಎಫ್‌ಎಸ್ ಆಧರಿಸಿದ ಟ್ರೂನಾಸ್ ಉಚಿತವಾಗಿ ಸಿಗುತ್ತದೆ. ಕನಿಷ್ಠ 8 ಗಿಗಾಬೈಟ್ ರ‍್ಯಾಮ್ ಬೇಡುತ್ತದೆ. ಗಣಕ ತೀರ ಹಳೆಯದಾದರೆ ಡೆಬಿಯನ್ ಲಿನಕ್ಸ್ ಆಧಾರಿತ, ಉಚಿತವಾದ ಓಪನ್‌ಮೀಡಿಯವಾಲ್ಟ್ ಸಾಕು. ಬೇರೆ ಬೇರೆ ಗಾತ್ರದ ಡಿಸ್ಕುಗಳಿದ್ದರೆ ಅನ್‌ರೇಡ್ ಅನುಕೂಲ. ಪ್ಯಾರಿಟಿ ಡಿಸ್ಕು ಮಾತ್ರ ಉಳಿದವುಗಳಿಗಿಂತ ಚಿಕ್ಕದಿರಬಾರದು. ಇದಕ್ಕೆ ಹಣ ಕೊಡಬೇಕು.

ಆದರೆ ಒಂದು ಎಚ್ಚರಿಕೆ. ರೇಡ್ ಎಂದರೆ ಬ್ಯಾಕಪ್ ಅಲ್ಲ. ನೀವು ತಪ್ಪಿ ಅಳಿಸಿದ ಕಡತ ಪ್ರತಿಬಿಂಬದಲ್ಲೂ ಆ ಕ್ಷಣವೇ ಅಳಿಯುತ್ತದೆ. ಸಿಡಿಲು ಬಡಿದರೆ, ಕಳವಾದರೆ ಎಲ್ಲ ಡಿಸ್ಕುಗಳೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ 3-2-1 ನಿಯಮ ಪಾಲಿಸಿ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಮನೆಯ ಹೊರಗೆ. ಹಣ ಎರಡೇ ಡಿಸ್ಕಿಗೆ ಸಾಕಾದರೆ ಎರಡನ್ನೂ ಸರ್ವರಿನಲ್ಲಿಡಬೇಡಿ. ಒಂದಕ್ಕೆ ವಾರಕ್ಕೊಮ್ಮೆ ನಕಲು ಮಾಡಿ, ನೆಂಟರ ಮನೆಯಲ್ಲಿಡಿ. ಆಗಾಗ ಅದರಿಂದ ನಾಲ್ಕಾರು ಕಡತಗಳನ್ನು ತೆರೆದು, ಸರಿಯಾಗಿವೆಯೇ ಎಂದು ಪರೀಕ್ಷಿಸಿ.