ಹಂತಕನ ಬಾಲ್ಯ ಕೇಳೋ ಮೊದಲು

ಟೆಡ್ ಬಂಡಿ ಯಾರು ಅಂತ ಕೇಳಿ, ಇವತ್ತು ಬೆಂಗಳೂರಿನ ಕಾಲೇಜು ಹುಡುಗರೂ ಹೇಳ್ತಾರೆ. ಅವನ ಕೈಯಲ್ಲಿ ಸತ್ತ ಹೆಣ್ಣುಮಕ್ಕಳ ಪೈಕಿ ಒಬ್ಬಳ ಹೆಸರು ಹೇಳಿ ಅನ್ನಿ. ಯಾರ ಬಾಯಿಂದಲೂ ಮಾತು ಬರಲ್ಲ. 30 ಕೊಲೆಗಳನ್ನು ಒಪ್ಪಿಕೊಂಡವನು ಅವನು. ಸತ್ತವರು ಅಂಕಿಯಾದರು, ಕೊಂದವನು ಹೀರೋ ಆದ.

ಇದು ಹೇಗಾಯ್ತು? ಸರಣಿ ಹಂತಕರ ಮೇಲೆ ಬರುತ್ತಿರುವ ಡಾಕ್ಯುಮೆಂಟರಿಗಳನ್ನು ಗಮನಿಸಿ. ಎಲ್ಲಕ್ಕೂ ಬಹುತೇಕ ಒಂದೇ ಅಚ್ಚು. ಮೊದಲು ಒಂದು ಶವ. ಆಮೇಲೆ ಹಂತಕನ ಬಾಲ್ಯದ ಫೋಟೋ, ಹಿಂದೆ ಪಿಟೀಲಿನ ಸದ್ದು. ಪಕ್ಕದ ಮನೆಯವರು 'ಅವನು ಇಂಥವನು ಅಂತ ಅನ್ನಿಸಲೇ ಇಲ್ಲ' ಅಂತಾರೆ. ಕೊನೆಗೆ ಮನಃಶಾಸ್ತ್ರಜ್ಞರೊಬ್ಬರು ಬಂದು, ಇವನನ್ನು ರೂಪಿಸಿದ್ದು ಇದು ಅಂತ ತೀರ್ಪು ಕೊಡ್ತಾರೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅಂತೀವಲ್ಲ, ಆ ಗಾದೆಯ ಮೇಲೇ ಈ ವ್ಯಾಪಾರ ನಿಂತಿದೆ. ಹಾಗಾದರೆ ಕೊಲೆಗಾರನ ಗುರುತೂ ಮೊಳಕೆಯಲ್ಲೇ ಸಿಗುತ್ತಾ?

ವಿಜ್ಞಾನ ಏನು ಹೇಳುತ್ತೆ ನೋಡೋಣ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ಅಧಿಕಾರಿಗಳಾದ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಾಸ್ ಜೈಲಿಂದ ಜೈಲಿಗೆ ಅಲೆದು ಹಂತಕರನ್ನು ಮಾತಾಡಿಸಿದರು. ಆನ್ ಬರ್ಜೆಸ್ ಎಂಬ ಸಂಶೋಧಕಿ ಅವರ ಜತೆಯಾದರು. ಲೈಂಗಿಕ ಕೊಲೆ ಮಾಡಿದ್ದ 36 ಮಂದಿಯ ಆ ಅಧ್ಯಯನ 1988ರಲ್ಲಿ ಪುಸ್ತಕವಾಗಿ ಬಂತು. ಅನೇಕರ ಬಾಲ್ಯದಲ್ಲಿ ಹೊಡೆತ, ತಿರಸ್ಕಾರ, ಒಡೆದ ಮನೆ ಕಾಣಿಸಿತು. ಸರಿ, ಒಪ್ಪೋಣ. ಆದರೆ ಎರಡು ತೊಡಕು ಇವೆ. ಬಾಲ್ಯದ ಕಥೆ ಹೇಳಿದವರಲ್ಲಿ ಹಂತಕರೇ ಮುಖ್ಯರು. ಮತ್ತೆ, ಅದೇ ಥರ ಏಟು ತಿಂದು ಬೆಳೆದು, ಜೀವನದಲ್ಲಿ ಒಂದು ನೊಣಕ್ಕೂ ನೋವು ಮಾಡದೆ ದುಡಿದು ತಿನ್ನುತ್ತಿರುವ ಅಸಂಖ್ಯ ಜನರನ್ನು ಪಕ್ಕದಲ್ಲಿಟ್ಟು ಯಾರೂ ಹೋಲಿಸಿ ನೋಡಲಿಲ್ಲ.

ಹಾಸಿಗೆ ಒದ್ದೆ ಮಾಡೋದು, ಬೆಂಕಿ ಹಚ್ಚೋದು, ಪ್ರಾಣಿಗಳನ್ನು ಹಿಂಸಿಸೋದು. ಈ ಮೂರೂ ಇದ್ದರೆ ಮಗು ಮುಂದೆ ಕೊಲೆಗಾರ ಆಗುತ್ತೆ ಅನ್ನೋ ಮಾತು ನೀವೂ ಕೇಳಿರಬಹುದು. ಇದರ ಮೂಲ 1963ರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯರು ಬರೆದ ಒಂದು ಲೇಖನ. ನಂತರದ ಸಂಶೋಧನೆಗಳಲ್ಲಿ ಈ ಸೂತ್ರಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಆದರೂ ಡಾಕ್ಯುಮೆಂಟರಿಗಳು ಅದನ್ನು ಬಿಟ್ಟಿಲ್ಲ. ಹಾಸಿಗೆ ಒದ್ದೆ ಮಾಡುವ ಮಗುವಿನ ತಾಯಿ ಇದನ್ನು ನೋಡಿ ರಾತ್ರಿಯೆಲ್ಲಾ ನಿದ್ದೆಗೆಟ್ಟರೆ ಯಾರು ಹೊಣೆ ಸ್ವಾಮಿ?

ಮಿದುಳಿನ ಕಥೆಯೂ ಅಷ್ಟೇ. ಆಡ್ರಿಯನ್ ರೇನ್ ಎಂಬ ವಿಜ್ಞಾನಿ 1997ರಲ್ಲಿ 41 ಕೊಲೆ ಆರೋಪಿಗಳ ಮಿದುಳಿನ ಸ್ಕ್ಯಾನ್ ಪ್ರಕಟಿಸಿದರು. ಆವೇಗಕ್ಕೆ ಕಡಿವಾಣ ಹಾಕುವ ಮುಂಭಾಗದ ಚಟುವಟಿಕೆ ಅವರಲ್ಲಿ ಕಡಿಮೆ ಇತ್ತು. ಆದರೆ ಕ್ಯಾಲಿಫೋರ್ನಿಯಾದ ನರವಿಜ್ಞಾನಿ ಜೇಮ್ಸ್ ಫಾಲನ್ ಅವರ ಕಥೆ ಕೇಳಿ. ಸ್ಕ್ಯಾನ್‌ಗಳ ರಾಶಿ ನೋಡುವಾಗ ಒಂದು ಥೇಟ್ ಸೈಕೋಪಾತ್‌ನ ಮಿದುಳಿನಂತೆ ಕಂಡಿತು. ಯಾರದ್ದು ಅಂತ ತೆಗೆದು ನೋಡಿದರೆ ಅವರದ್ದೇ! ಹೆಂಡತಿ ಮಕ್ಕಳ ಜತೆ ಸಂಸಾರ ಮಾಡಿಕೊಂಡು ಪಾಠ ಹೇಳುತ್ತಿದ್ದ ಪ್ರೊಫೆಸರ್ ಅವರು.

ಹಂತಕನನ್ನೇ ಕೇಳಿಬಿಟ್ಟರೆ? ಬಂಡಿಯನ್ನು ಕೇಳಿದರು. ಪತ್ರಕರ್ತರು ಟೇಪ್ ರೆಕಾರ್ಡರ್ ಇಟ್ಟಾಗ ಅವನು ಬೇರೆ ಯಾರದೋ ಕಥೆ ಎಂಬಂತೆ 'ಅವನು ಹಾಗೆ ಮಾಡಿರಬಹುದು' ಅಂತ ಜಾರಿಕೊಂಡ. 1989ರ ಜನವರಿ 24ಕ್ಕೆ ಅವನ ಮರಣದಂಡನೆ. ಹಿಂದಿನ ದಿನ ಕ್ಯಾಮೆರಾ ಮುಂದೆ ಕೂತು, ನಮ್ಮದು ಒಳ್ಳೇ ಮನೆ, ಅಶ್ಲೀಲ ಸಾಹಿತ್ಯ ನನ್ನನ್ನು ಕೆಡಿಸಿತು ಅಂದ. ಕೇಳಲು ಕೂತವರಿಗೆ ಏನು ಬೇಕೋ ಅದನ್ನೇ ಕೊಟ್ಟ. 2019ರಲ್ಲಿ ಅದೇ ಟೇಪುಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಆಗ ಬಂಡಿ ಎಷ್ಟು ಚೆಲುವ ಅನ್ನೋ ಚರ್ಚೆ ಎಷ್ಟು ಜೋರಾಯಿತು ಅಂದರೆ, ಅವನು ಕೊಲೆಗಾರ ಅಂತ ನೆನಪಿಸಲು ನೆಟ್‌ಫ್ಲಿಕ್ಸೇ ಟ್ವೀಟ್ ಮಾಡಬೇಕಾಯಿತು.

ಅಂದರೆ ಬಾಲ್ಯ ಲೆಕ್ಕಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಕೊಡುವ ಹಿಂಸೆ ಅಪಾಯವನ್ನು ಹೆಚ್ಚಿಸುತ್ತೆ, ಅದು ನಿಜ. ಆದರೆ ಜೆಫ್ರಿ ಡಾಮರ್ ಬೆಳೆದ ಮನೆಯಲ್ಲೇ ಅವನ ತಮ್ಮನೂ ಬೆಳೆದ. ತಮ್ಮ ಯಾರನ್ನೂ ಕೊಲ್ಲಲಿಲ್ಲ. 'ಇವನು ಯಾಕೆ ಹೀಗಾದ' ಅನ್ನೋ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. 'ಇವನು ಇಷ್ಟು ವರ್ಷ ಸಿಕ್ಕಿಬೀಳದೆ ಹೇಗಿದ್ದ' ಅನ್ನೋ ಪ್ರಶ್ನೆಗೆ ಮಾತ್ರ ಕಡತದಲ್ಲೇ ಉತ್ತರ ಇರುತ್ತೆ.

ಡಾಮರ್ 1978ರಿಂದ 1991ರವರೆಗೆ 17 ಮಂದಿಯನ್ನು ಕೊಂದ. 1991ರ ಮೇ 27. ಮಿಲ್ವಾಕಿ ನಗರದಲ್ಲಿ 14 ವರ್ಷದ ಹುಡುಗನೊಬ್ಬ, ಲಾವೋಸ್‌ನಿಂದ ಬಂದ ಕುಟುಂಬದವನು, ಮೈಮೇಲೆ ಬಟ್ಟೆಯಿಲ್ಲದೆ ತೂರಾಡುತ್ತಾ ಬೀದಿಗೆ ಬಂದ. ಕಪ್ಪು ಜನಾಂಗದ ಹುಡುಗಿಯರು ನೋಡಿ ಪೊಲೀಸರನ್ನು ಕರೆಸಿದರು. ಡಾಮರ್ ಬಂದು, ಇವನು ನನ್ನ ಗೆಳೆಯ, 19 ವರ್ಷ, ಕುಡಿದಿದ್ದಾನೆ ಅಂದ. ಪೊಲೀಸರು ಆ ಬಿಳಿಯನ ಮಾತು ನಂಬಿ ಹುಡುಗನನ್ನು ಅವನ ಮನೆಗೇ ಬಿಟ್ಟು ಹೋದರು. ಒಳಗೆ ಆಗಲೇ ಒಂದು ಶವ ಇತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಒಂದು ಸಲ ಹೆಸರು ತಪಾಸಣೆ ಮಾಡಿದ್ದರೆ ಅದು ಹೊರಬರುತ್ತಿತ್ತು. ಆ ಹುಡುಗಿಯರಲ್ಲಿ ಒಬ್ಬಳ ತಾಯಿ ಗ್ಲೆಂಡಾ ಕ್ಲೀವ್‌ಲ್ಯಾಂಡ್ ಠಾಣೆಗೆ ಫೋನ್ ಮಾಡಿ, ಅದು ಮಗು ಅಲ್ವಾ ಅಂತ ಮತ್ತೆ ಮತ್ತೆ ಕೇಳಿದಳು. ಅಲ್ಲ ಅಂದರು. ಹುಡುಗ ಅವತ್ತೇ ಸತ್ತ. ಜುಲೈನಲ್ಲಿ ಡಾಮರ್ ಸಿಕ್ಕಿಬೀಳುವ ಹೊತ್ತಿಗೆ ಇನ್ನೂ ನಾಲ್ವರು ಹೋಗಿದ್ದರು.

ಅಮೆರಿಕ ಬಿಡಿ, ನಮ್ಮ ದಕ್ಷಿಣ ಕನ್ನಡಕ್ಕೆ ಬನ್ನಿ. ಸೈನೈಡ್ ಮೋಹನ್. ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳು. ಬಹುತೇಕರು ಬಡವರ ಮನೆಯವರು, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದವರು. ವರದಕ್ಷಿಣೆ ಬೇಡ, ಮದುವೆಯಾಗ್ತೀನಿ ಅಂತ ನಂಬಿಸಿ ಕರೆದೊಯ್ಯುತ್ತಿದ್ದ. ಮೈಸೂರು, ಬೆಂಗಳೂರು, ಮಡಿಕೇರಿಯಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಶವ ಸಿಗುತ್ತಿತ್ತು. ಅಪರಿಚಿತ ಮಹಿಳೆ, ಅಸ್ವಾಭಾವಿಕ ಸಾವು. ಫೈಲ್ ಮುಚ್ಚಿತು. ಇತ್ತ ಊರಲ್ಲಿ 'ಯಾರ ಜತೆಗೋ ಓಡಿಹೋದಳು' ಅನ್ನೋ ಮಾತು. ಮಾನಕ್ಕೆ ಅಂಜಿ ಎಷ್ಟೋ ಮನೆಯವರು ಠಾಣೆಯ ಮೆಟ್ಟಿಲೇ ಹತ್ತಲಿಲ್ಲ.

ಕೊನೆಗೆ ಸಿಕ್ಕಿದ್ದು ಹೇಗೆ? 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಅನ್ಯಧರ್ಮದವನ ಜತೆ ಹೋಗಿದ್ದಾಳೆ ಅನ್ನೋ ಗುಮಾನಿಗೆ ಜನ ಬೀದಿಗಿಳಿದರು. ಒತ್ತಡಕ್ಕೆ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಒಂದು ನಂಬರ್‌ನಿಂದ ಇನ್ನೊಂದಕ್ಕೆ ಹೋದ ಹಾಗೆ ಕಾಣೆಯಾದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಲೆಕ್ಕಕ್ಕೆ ಬಂದರು. ಅದೇ ಜಾಡನ್ನು ಮೊದಲನೆಯ ಹುಡುಗಿಗೋ ಎರಡನೆಯವಳಿಗೋ ಹಿಡಿದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನೋಡಿ, ಮೋಹನನ ಬಾಲ್ಯ ಕೆದಕಿ ನಮಗೆ ಆಗಬೇಕಾದ್ದು ಕಡಿಮೆ. ಅವನಿಗೆ ದಾರಿ ಮಾಡಿಕೊಟ್ಟದ್ದು ವರದಕ್ಷಿಣೆ, ಮರ್ಯಾದೆಯ ಭಯ, ಬಡವರ ಮಗಳ ಬಗ್ಗೆ ಇರುವ ಉದಾಸೀನ. ಮೂರೂ ಇವತ್ತಿಗೂ ನಮ್ಮ ಜತೆಗಿವೆ. ಟಿವಿಯಲ್ಲಿ ಹಂತಕನ ಮುಖಕ್ಕೆ ಎಷ್ಟು ಬೆಲೆ ಅಂತ ಈ ಕೆಲಸದಲ್ಲಿರುವ ನನಗೆ ಗೊತ್ತು. ಅದಕ್ಕೇ ಹೇಳ್ತಿದೀನಿ, ಮುಂದಿನ ಡಾಕ್ಯುಮೆಂಟರಿ ನೋಡುವಾಗ ಮೊದಲ ಸಾವಿನ ದೂರು ಯಾವಾಗ ಬಂತು, ಯಾರು ಬರೆದುಕೊಳ್ಳಲಿಲ್ಲ ಅನ್ನೋದನ್ನು ಹುಡುಕಿ.

ನಿಮ್ಮ ಊರಲ್ಲಿ ಒಬ್ಬ ಹುಡುಗಿ ಕಾಣೆಯಾದರೆ ಓಡಿಹೋದಳು ಅಂತ ಷರಾ ಬರೆಯುವ ಮೊದಲು ಆ ಮನೆಯವರ ಜತೆ ಠಾಣೆಗೆ ಹೋಗಿ. 24 ಗಂಟೆ ಕಾಯಬೇಕು ಅನ್ನೋ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಕಾಯಿರಿ ಅಂದರೆ, ಎಲ್ಲಿ ಬರೆದಿದೆ ತೋರಿಸಿ ಅಂತ ಕೇಳಿ.